ಅಪ್‌ಡೇಟ್ ನಿಲ್ಲಿಸುವುದು ಬೇಡ, ಅದರ ಹೊತ್ತು ಬದಲಿಸಿದರೆ ಸಾಕು

ಮಾನ್ಯ ಸಂಪಾದಕರೇ,

ಬೆಳಗ್ಗೆ ಪೂರ್ತಿ ಚಾರ್ಜ್ ಮಾಡಿಕೊಂಡು ಹೊರಟ ಫೋನು ಮಧ್ಯಾಹ್ನದ ಊಟದ ಹೊತ್ತಿಗೆ ಶೇ 30ಕ್ಕೆ ಇಳಿದಿರುತ್ತದೆ ಎಂಬ ದೂರು ಈಗ ಮನೆಮನೆಯದು. ಅದಕ್ಕೆ ಸಿಗುವ ಸಿದ್ಧ ಉತ್ತರವೂ ಒಂದೇ: 'ಆ್ಯಪ್‌ಗಳು ತಾವಾಗಿಯೇ ಅಪ್‌ಡೇಟ್ ಆಗುತ್ತಿವೆ, ಎಲ್ಲವನ್ನೂ ಬಂದ್ ಮಾಡಿ.' ಹಾಗೆ ಬಂದ್ ಮಾಡಿಕೊಂಡವರಿಗೆ ಕೆಲವು ತಿಂಗಳ ನಂತರ ಅಂಗಡಿಯ ಮುಂದೆ ನಿಂತು ಹಣ ಕಳಿಸಬೇಕಾದಾಗ 'ಹೊಸ ಆವೃತ್ತಿ ಹಾಕಿಕೊಂಡ ಮೇಲೆ ಮುಂದುವರಿಯಿರಿ' ಎಂಬ ಪರದೆ ಎದುರಾಗುತ್ತದೆ. ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಂಡ ಹಾಗಾಯಿತು. ಬ್ಯಾಟರಿಯೂ ಉಳಿಯಬೇಕು, ಫೋನೂ ಸುರಕ್ಷಿತವಾಗಿರಬೇಕು ಅನ್ನುವವರಿಗಾಗಿ ಈ ಪತ್ರ. ತುಸು ಉದ್ದವಾಗಿದ್ದರೂ ದಯವಿಟ್ಟು ಪ್ರಕಟಿಸಿ.

ಮೊದಲು ಒಂದು ಗೊಂದಲ ಬಿಡಿಸಬೇಕು. ಆ್ಯಪ್ ಅಪ್‌ಡೇಟ್ ಆಗುವುದು ಬೇರೆ, ಆ್ಯಪ್ ಹಿನ್ನೆಲೆಯಲ್ಲಿ ಓಡುವುದು ಬೇರೆ. ಅಪ್‌ಡೇಟ್ ಎಂದರೆ ಹೊಸ ಆವೃತ್ತಿ ಇಳಿಸಿಕೊಂಡು, ಬಿಚ್ಚಿ, ಹಳೆಯದರ ಜಾಗದಲ್ಲಿ ಕೂರಿಸುವುದು. ಡೌನ್‌ಲೋಡಿಗೆ ರೇಡಿಯೊ (ಟವರ್, ವೈಫೈ ಜೊತೆ ಮಾತಾಡುವ ಭಾಗ), ಬಿಚ್ಚಿ ಕೂರಿಸಲು ಪ್ರೊಸೆಸರ್ ಎರಡೂ ದುಡಿಯುವುದರಿಂದ ಆ ಕೆಲವು ನಿಮಿಷ ಫೋನು ಬೆಚ್ಚಗಾಗುತ್ತದೆ. ಆದರೆ ಒಂದು ಆ್ಯಪ್‌ಗೆ ಇದು ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ಆಗುವ ಕೆಲಸ. ಹಿನ್ನೆಲೆ ಓಟ ಹಾಗಲ್ಲ. ಹೊಸ ಸುದ್ದಿ ಇದೆಯೇ, ಹೊಸ ಆಫರ್ ಇದೆಯೇ, ಫೋಟೊ ಅಪ್‌ಲೋಡ್ ಮಾಡಬೇಕೇ, ನೀವು ಈಗ ಎಲ್ಲಿದ್ದೀರಿ ಎಂದು ದಿನವಿಡೀ ಎದ್ದೆದ್ದು ನೋಡುವುದು ಅದರ ಕೆಲಸ. ಬ್ಯಾಟರಿ ತಿನ್ನುವ ಕಳ್ಳ ಹತ್ತರಲ್ಲಿ ಎಂಟು ಸಲ ಈ ಎರಡನೆಯವನೇ. ಎರಡಕ್ಕೂ ಸೆಟ್ಟಿಂಗ್ಸ್ ಬೇರೆ ಬೇರೆ ಕಡೆ ಇವೆ.

ಅಪ್‌ಡೇಟಿನದನ್ನು ಮೊದಲು ಮುಗಿಸೋಣ. ಪ್ಲೇ ಸ್ಟೋರ್ ತೆರೆದು ಬಲಗಡೆ ಮೇಲಿರುವ ನಿಮ್ಮ ಫೋಟೊ ಅಥವಾ ಹೆಸರಿನ ಅಕ್ಷರವನ್ನು ಒತ್ತಿ. ಸೆಟ್ಟಿಂಗ್ಸ್, ಅದರೊಳಗೆ ನೆಟ್‌ವರ್ಕ್ ಪ್ರಿಫರೆನ್ಸಸ್, ಅದರೊಳಗೆ ಆಟೊ ಅಪ್‌ಡೇಟ್ ಆ್ಯಪ್ಸ್. ಅಲ್ಲಿ 'ಓವರ್ ಎನಿ ನೆಟ್‌ವರ್ಕ್' ಎಂಬುದಕ್ಕೆ ಗುರುತಿದ್ದರೆ ತೆಗೆದು 'ಓವರ್ ವೈಫೈ ಓನ್ಲಿ' ಆರಿಸಿ. ಹೀಗಿಟ್ಟರೆ ಸಾಮಾನ್ಯವಾಗಿ ವೈಫೈ ಇದ್ದು, ಫೋನು ಚಾರ್ಜಿಗೆ ಕೂತು, ಯಾರೂ ಮುಟ್ಟದೆ ಸುಮ್ಮನಿರುವ ಹೊತ್ತನ್ನು ನೋಡಿಕೊಂಡು ಅಪ್‌ಡೇಟ್ ನಡೆಯುತ್ತದೆ. ಒಂದೆರಡು ಆ್ಯಪ್ ಮಾತ್ರ ಬದಲಾಗಬಾರದು ಎಂದಿದ್ದರೆ ಪ್ಲೇ ಸ್ಟೋರಿನಲ್ಲಿ ಆ ಆ್ಯಪ್‌ನ ಪುಟ ತೆರೆದು, ಮೇಲಿನ ಮೂರು ಚುಕ್ಕಿ ಒತ್ತಿ, 'ಎನೇಬಲ್ ಆಟೊ ಅಪ್‌ಡೇಟ್' ಮುಂದಿನ ಗುರುತು ತೆಗೆಯಿರಿ. ನೂರಾರು ಎಂಬಿ ತೂಗುವ ಆಟಗಳಿಗೆ ಇದು ಸರಿಯಾದ ದಾರಿ.

ಇಷ್ಟು ಮಾಡಿಯೂ ಅಪ್‌ಡೇಟ್ ನಿಲ್ಲುತ್ತಿಲ್ಲ ಎನ್ನುವವರ ಫೋನಿನಲ್ಲಿ ಎರಡನೇ ಅಂಗಡಿಯೊಂದು ತೆರೆದಿರುತ್ತದೆ. ಸ್ಯಾಮ್‌ಸಂಗ್‌ನಲ್ಲಿ ಗ್ಯಾಲಕ್ಸಿ ಸ್ಟೋರ್, ಶಓಮಿಯಲ್ಲಿ ಗೆಟ್‌ಆ್ಯಪ್ಸ್, ಒಪ್ಪೊ ಮತ್ತು ರಿಯಲ್‌ಮಿಯಲ್ಲಿ ಆ್ಯಪ್ ಮಾರ್ಕೆಟ್, ವಿವೋದಲ್ಲಿ ವಿ ಆ್ಯಪ್‌ಸ್ಟೋರ್. ಇವು ಪ್ಲೇ ಸ್ಟೋರಿನ ಮಾತು ಕೇಳುವುದಿಲ್ಲ. ಅದನ್ನೂ ತೆರೆದು, ಅದರದೇ ಸೆಟ್ಟಿಂಗ್ಸ್‌ನಲ್ಲಿ ಆಟೊ ಅಪ್‌ಡೇಟನ್ನು ವೈಫೈಗೆ ಸೀಮಿತ ಮಾಡಬೇಕು, ಇಲ್ಲವೇ ನಿಲ್ಲಿಸಬೇಕು. ಬಹಳ ಜನ ಆ ಆ್ಯಪನ್ನು ಒಮ್ಮೆಯೂ ತೆರೆದೇ ಇರುವುದಿಲ್ಲ.

ಇನ್ನೊಂದು ತೊಂದರೆ ಹಾಟ್‌ಸ್ಪಾಟಿನದು. ಮನೆಯ ಒಂದು ಫೋನಿನಿಂದ ಇನ್ನೊಂದಕ್ಕೆ ನೆಟ್ ಕೊಟ್ಟಾಗ, ಪಡೆಯುವ ಫೋನಿಗೆ ಅದೂ ವೈಫೈಯೇ. ಆಂಡ್ರಾಯ್ಡ್ ಕೆಲವೊಮ್ಮೆ ಇದು ಮಿತಿಯಿಟ್ಟು ಬಳಸಬೇಕಾದ (ಮೀಟರ್ಡ್) ನೆಟ್ ಎಂದು ಗುರುತಿಸಿ ಸುಮ್ಮನಿರುತ್ತದೆ, ಎಲ್ಲ ಸಲವೂ ಅಲ್ಲ. ಗುರುತಿಸದಿದ್ದರೆ ಇಪ್ಪತ್ತು ಆ್ಯಪ್‌ಗಳು ಒಮ್ಮೆಗೇ ಇಳಿಯಲು ಶುರು. ದಿನಕ್ಕೆ ಒಂದೂವರೆ ಜಿಬಿಯ ಪ್ಲಾನ್ ಬೆಳಗ್ಗೆಯೇ ಮುಗಿದು ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಬ್ಯಾಟರಿಗೆ ನಿಜವಾದ ಪೆಟ್ಟು ಬೀಳುವುದು ಅಲ್ಲಿಂದ ಮುಂದೆ. 64 ಕಿಲೋಬಿಟ್ ಎಂದರೆ ಸೆಕೆಂಡಿಗೆ 8 ಕಿಲೋಬೈಟ್. ಆ ವೇಗದಲ್ಲಿ 100 ಎಂಬಿಯ ಒಂದು ಅಪ್‌ಡೇಟ್ ಮುಗಿಯಲು ಸುಮಾರು ಮೂರೂವರೆ ಗಂಟೆ ಬೇಕು. ಅಷ್ಟೂ ಹೊತ್ತು ಎರಡೂ ಫೋನುಗಳ ರೇಡಿಯೊ ಕಣ್ಣು ಮುಚ್ಚುವ ಹಾಗಿಲ್ಲ. ಪಡೆಯುವ ಫೋನಿನ ವೈಫೈ ಪಟ್ಟಿಯಲ್ಲಿ ಆ ಹಾಟ್‌ಸ್ಪಾಟ್ ಹೆಸರಿನ ಪಕ್ಕದ ಗುರುತು ಒತ್ತಿ, 'ಟ್ರೀಟ್ ಆ್ಯಸ್ ಮೀಟರ್ಡ್' ಎಂದು ಒಮ್ಮೆ ಆರಿಸಿಟ್ಟರೆ ಈ ಕಾಟವಿಲ್ಲ.

ಹಾಗಾದರೆ ಮನೆಯಲ್ಲಿ ವೈಫೈಯೇ ಇಲ್ಲದವರು? ನಮ್ಮ ಹಳ್ಳಿಗಳಲ್ಲಿ ಅವರೇ ಹೆಚ್ಚು. 'ವೈಫೈ ಓನ್ಲಿ' ಇಟ್ಟರೆ ಅವರ ಫೋನು ವರ್ಷವಾದರೂ ಅಪ್‌ಡೇಟ್ ಕಾಣದು. ಅವರಿಗೆ ಸುಲಭದ ದಾರಿ ಇದೆ. ದಿನದ ಡೇಟಾ ಲೆಕ್ಕ ಮಧ್ಯರಾತ್ರಿ 12ಕ್ಕೆ ಹೊಸದಾಗುತ್ತದೆ, ಹೆಚ್ಚಿನ ಪ್ಲಾನ್‌ಗಳಲ್ಲಿ ಉಳಿದದ್ದು ಹಾಗೇ ಹೋಗುತ್ತದೆ. ಹದಿನೈದು ದಿನಕ್ಕೊಮ್ಮೆ ರಾತ್ರಿ 10ರ ನಂತರ ಫೋನನ್ನು ಚಾರ್ಜಿಗೆ ಹಾಕಿ, ಸಿಗ್ನಲ್ ಚೆನ್ನಾಗಿರುವ ಕಡೆ ಇಟ್ಟು, ಪ್ಲೇ ಸ್ಟೋರಿನಲ್ಲಿ ಮತ್ತೆ ನಿಮ್ಮ ಫೋಟೊ ಒತ್ತಿ, ಮ್ಯಾನೇಜ್ ಆ್ಯಪ್ಸ್ ಆ್ಯಂಡ್ ಡಿವೈಸ್‌ಗೆ ಹೋಗಿ. 'ಅಪ್‌ಡೇಟ್ ಆಲ್' ಒತ್ತಬೇಡಿ. ಪಟ್ಟಿ ಬಿಚ್ಚಿ ಬ್ಯಾಂಕ್ ಮತ್ತು ಯುಪಿಐ ಆ್ಯಪ್, ವಾಟ್ಸ್‌ಆ್ಯಪ್, ಕ್ರೋಮ್, ಆಂಡ್ರಾಯ್ಡ್ ಸಿಸ್ಟಮ್ ವೆಬ್‌ವ್ಯೂ ಇಷ್ಟನ್ನು ಮೊದಲು ಮಾಡಿ. ಡೇಟಾ ಮಿಕ್ಕರೆ ಉಳಿದದ್ದು.

ವೆಬ್‌ವ್ಯೂ ಎಂಬ ಹೆಸರು ಬಹಳ ಜನಕ್ಕೆ ಅಪರಿಚಿತ. ಬೇರೆ ಆ್ಯಪ್‌ಗಳು ತಮ್ಮೊಳಗೆ ವೆಬ್ ಪುಟ ತೋರಿಸಬೇಕಾದಾಗ ಕರೆಯುವುದು ಇದನ್ನೇ. 2021ರ ಮಾರ್ಚ್‌ನಲ್ಲಿ ಇದರ ಒಂದು ಕೆಟ್ಟ ಆವೃತ್ತಿ ಹೊರಬಿದ್ದು, ಜಿಮೇಲ್ ಸೇರಿ ಹಲವು ಆ್ಯಪ್‌ಗಳು ತೆರೆದ ಕೂಡಲೇ ಮುಚ್ಚಿಕೊಳ್ಳತೊಡಗಿದ್ದವು. ಅದನ್ನು ಸರಿಪಡಿಸಿದ್ದೂ ವೆಬ್‌ವ್ಯೂ ಮತ್ತು ಕ್ರೋಮ್‌ನ ಮುಂದಿನ ಅಪ್‌ಡೇಟೇ. ಅಪ್‌ಡೇಟ್ ಪೂರ್ತಿ ಮುಚ್ಚಿ ಕೂತವರಿಗೆ ಆ ಮದ್ದು ತಾನಾಗಿ ತಲುಪುವ ದಾರಿ ಇರಲಿಲ್ಲ.

ಈಗ ನಿಜವಾದ ಕಳ್ಳನ ಕಡೆಗೆ ಬರೋಣ. ಊಹೆಯಿಂದ ಹಿಡಿಯಬೇಡಿ, ಫೋನು ತಾನೇ ಲೆಕ್ಕ ಬರೆದಿಟ್ಟಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ, ಅದರೊಳಗೆ ಬ್ಯಾಟರಿ ಯೂಸೇಜ್. ಪಟ್ಟಿಯ ಮೇಲಿರುವುದೇ ತಪ್ಪಿತಸ್ಥ ಎಂದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಮೂರು ಗಂಟೆ ಯೂಟ್ಯೂಬ್ ನೋಡಿದರೆ ಅದು ಮೇಲೆ ಬಂದೇ ಬರುತ್ತದೆ. ಒಂದೊಂದು ಆ್ಯಪ್ ಒತ್ತಿ ನೋಡಿದರೆ ಪರದೆಯ ಮೇಲಿದ್ದ ಸಮಯ, ಹಿನ್ನೆಲೆಯಲ್ಲಿದ್ದ ಸಮಯ ಎಂದು ಎರಡು ಸಾಲು ಕಾಣುತ್ತವೆ. ಪರದೆಯ ಮೇಲೆ 2 ನಿಮಿಷ, ಹಿನ್ನೆಲೆಯಲ್ಲಿ 4 ಗಂಟೆ ಎಂದಿದ್ದರೆ ಸಿಕ್ಕಿಬಿದ್ದ ಎಂದೇ ಅರ್ಥ. ಹಾಡು ಕೇಳಿಸುವ ಆ್ಯಪ್, ದಾರಿ ತೋರಿಸುವ ಮ್ಯಾಪ್ ಆಗಿದ್ದರೆ ಮಾತ್ರ ಅದು ಸಹಜ. ಡೇಟಾ ಯೂಸೇಜ್‌ನಲ್ಲೂ ಇದೇ ರೀತಿ ಹಿನ್ನೆಲೆಯ ಲೆಕ್ಕ ಬೇರೆಯಾಗಿ ಇರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಒಂದು ಸರಳ ಪರೀಕ್ಷೆಯೂ ಇದೆ. ರಾತ್ರಿ ಮಲಗುವಾಗ ಚಾರ್ಜ್ ಎಷ್ಟಿದೆ ಎಂದು ಬರೆದಿಟ್ಟು, ಚಾರ್ಜರ್ ತೆಗೆದು ಮಲಗಿ, ಬೆಳಗ್ಗೆ ನೋಡಿ. ಎಂಟು ಗಂಟೆಯಲ್ಲಿ ಶೇ 5-6 ಇಳಿದಿದ್ದರೆ ಚಿಂತೆಯಿಲ್ಲ. 15 ದಾಟಿದ್ದರೆ ಏನೋ ಓಡುತ್ತಿದೆ. ಮರುರಾತ್ರಿ, ತುರ್ತು ಕರೆ ಬರುವ ಸಂಭವ ಇಲ್ಲದಿದ್ದರೆ, ಏರೋಪ್ಲೇನ್ ಮೋಡ್ ಹಾಕಿ ಅದನ್ನೇ ಮಾಡಿ. ಅಲಾರಂ ಆ ಮೋಡಿನಲ್ಲೂ ಹೊಡೆಯುತ್ತದೆ. ಈಗ ಇಳಿತ ಒಂದೆರಡಕ್ಕೆ ಬಂದರೆ ದೋಷ ಆ್ಯಪ್‌ಗಳದ್ದು ಅಥವಾ ಸಿಗ್ನಲಿನದ್ದು. ಏರೋಪ್ಲೇನ್ ಮೋಡಿನಲ್ಲೂ 10 ಇಳಿದರೆ ಸೆಟ್ಟಿಂಗ್ಸ್ ತಡಕಾಡಿ ಪ್ರಯೋಜನ ಕಡಿಮೆ, ಬ್ಯಾಟರಿಯನ್ನೋ ಬೋರ್ಡನ್ನೋ ತೋರಿಸಬೇಕು.

ಸಿಗ್ನಲಿನ ಮಾತು ಮಲೆನಾಡಿನವರಿಗೂ ಕರಾವಳಿಯ ಘಟ್ಟದ ಬುಡದವರಿಗೂ ಮುಖ್ಯ. ಟವರ್ ದೂರವಿದ್ದಷ್ಟೂ ಫೋನು ಜೋರಾಗಿ ಕೂಗಬೇಕು. ಜೊತೆಗೆ ಡೇಟಾ ಕಳಿಸಿ ಮುಗಿದ ಮರುಕ್ಷಣವೇ ರೇಡಿಯೊ ಮಲಗುವುದಿಲ್ಲ. ಇನ್ನೇನಾದರೂ ಬಂದೀತೆಂದು ಹತ್ತು ಸೆಕೆಂಡಿನ ಆಸುಪಾಸು ಎಚ್ಚರವಾಗಿರುತ್ತದೆ. ಒಂದು ಆ್ಯಪ್ 15 ನಿಮಿಷಕ್ಕೊಮ್ಮೆ ಇಣುಕಿದರೆ ದಿನಕ್ಕೆ 96 ಸಲ. ಅದು ತಂದದ್ದು ಎರಡೇ ಕೆಬಿ ಇರಬಹುದು, ರೇಡಿಯೊ ಎದ್ದು ಕೂತದ್ದು 16 ನಿಮಿಷ. ಇಂಥ ಹತ್ತು ಆ್ಯಪ್‌ಗಳು ಬೇರೆ ಬೇರೆ ಹೊತ್ತಿಗೆ ಎಬ್ಬಿಸಿದರೆ ಎರಡೂವರೆ ಗಂಟೆ ಮೀರುತ್ತದೆ. ಆಂಡ್ರಾಯ್ಡ್ ಇವನ್ನೆಲ್ಲ ಒಟ್ಟುಗೂಡಿಸಿ ಒಂದೇ ಸಲ ಎಬ್ಬಿಸಲು ನೋಡುತ್ತದೆ. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಡೋಜ್ ಎಂಬ ಏರ್ಪಾಡಿದೆ. ಪರದೆ ಆರಿ, ಚಾರ್ಜರ್ ಇಲ್ಲದೆ, ಅಲುಗಾಡದೆ ಫೋನು ಬಿದ್ದಿದ್ದರೆ ಎಲ್ಲ ಆ್ಯಪ್‌ಗಳನ್ನೂ ತಡೆದು ನಿಲ್ಲಿಸಿ, ಆಗಾಗ ಸ್ವಲ್ಪ ಹೊತ್ತು ಮಾತ್ರ ಬಾಗಿಲು ತೆರೆಯುತ್ತದೆ. ಆದರೆ ಹೊಸ ಆ್ಯಪ್ ಹಾಕಿದಾಗ 'ಯಾವಾಗಲೂ ಹಿನ್ನೆಲೆಯಲ್ಲಿ ಓಡಲು ಬಿಡಲೇ?' ಎಂದು ಕೇಳುವ ಪೆಟ್ಟಿಗೆಯೊಂದು ಬರುತ್ತದಲ್ಲ, ಅದಕ್ಕೆ ಓದದೆ 'ಅಲೋ' ಒತ್ತಿದವರು ಆ ಬಾಗಿಲಿನ ಕೀಲಿಯನ್ನು ಆ್ಯಪ್‌ನ ಕೈಗೇ ಕೊಟ್ಟಂತೆ. ಬೆಳಕಿನ ಟಾರ್ಚ್, ಕ್ಯಾಲೆಂಡರ್, ಶಾಪಿಂಗ್, ಸಾಲ ಕೊಡುವ ಆ್ಯಪ್, ಯಾವುದಕ್ಕೂ ಈ ಅನುಮತಿ ಬೇಕಿಲ್ಲ.

ಕೊಟ್ಟ ಕೀಲಿ ವಾಪಸ್ ಪಡೆಯುವುದು ಹೀಗೆ. ಆ್ಯಪ್‌ನ ಚಿತ್ರವನ್ನು ಒತ್ತಿ ಹಿಡಿದು, ಆ್ಯಪ್ ಇನ್ಫೊ ತೆರೆದು, ಬ್ಯಾಟರಿಗೆ ಹೋಗಿ. ಆಂಡ್ರಾಯ್ಡ್ 12ರಿಂದ ಈಚೆಗೆ ಹಲವು ಫೋನುಗಳಲ್ಲಿ ಅನ್‌ರಿಸ್ಟ್ರಿಕ್ಟೆಡ್ (ತಡೆಯಿಲ್ಲ), ಆಪ್ಟಿಮೈಸ್ಡ್ (ಹದವಾಗಿ), ರಿಸ್ಟ್ರಿಕ್ಟೆಡ್ (ತಡೆ) ಎಂದು ಮೂರು ಬಗೆ. ಹೆಚ್ಚಿನವಕ್ಕೆ ನಡುವಿನದು ಸಾಕು, ಸಿಕ್ಕಿಬಿದ್ದವಕ್ಕೆ ಮೂರನೆಯದು. ಅದೇ ಆ್ಯಪ್ ಇನ್ಫೊದಲ್ಲಿ ಮೊಬೈಲ್ ಡೇಟಾ ಒಳಗೆ 'ಬ್ಯಾಕ್‌ಗ್ರೌಂಡ್ ಡೇಟಾ' ಗುಂಡಿಯೂ ಇದೆ. ಸ್ಯಾಮ್‌ಸಂಗ್‌ನಲ್ಲಿ ಬ್ಯಾಟರಿಯೊಳಗೆ 'ಬ್ಯಾಕ್‌ಗ್ರೌಂಡ್ ಯೂಸೇಜ್ ಲಿಮಿಟ್ಸ್' ಇದ್ದು, ಅದರಲ್ಲಿ ಸ್ಲೀಪಿಂಗ್, ಡೀಪ್ ಸ್ಲೀಪಿಂಗ್ ಎಂಬ ಪಟ್ಟಿಗಳಿರುತ್ತವೆ. ಡೀಪ್ ಸ್ಲೀಪಿಂಗ್‌ಗೆ ಹಾಕಿದ್ದು ನೀವು ತೆರೆಯುವವರೆಗೆ ಏಳುವುದಿಲ್ಲ. ಶಓಮಿಯಲ್ಲಿ ಆ್ಯಪ್ ಇನ್ಫೊದ ಬ್ಯಾಟರಿ ಸೇವರ್ ಜೊತೆಗೆ 'ಆಟೊಸ್ಟಾರ್ಟ್' ಎಂಬುದನ್ನೂ ಆಫ್ ಮಾಡಬೇಕು. ಒಂದನ್ನೇ ಮಾಡಿದರೆ ಫೋನು ರೀಸ್ಟಾರ್ಟ್ ಆದಾಗ ಆ್ಯಪ್ ಮತ್ತೆ ಎದ್ದು ಕೂರಬಹುದು. ಒಪ್ಪೊ, ರಿಯಲ್‌ಮಿಗಳಲ್ಲಿ 'ಅಲೋ ಬ್ಯಾಕ್‌ಗ್ರೌಂಡ್ ಆ್ಯಕ್ಟಿವಿಟಿ', 'ಅಲೋ ಆಟೊ ಲಾಂಚ್' ಎಂಬ ಎರಡು ಗುಂಡಿಗಳು. ವಿವೋದಲ್ಲಿ ಬ್ಯಾಟರಿಯೊಳಗೆ ಹಿನ್ನೆಲೆ ಬಳಕೆಯ ಪಟ್ಟಿ.

ಕೈಹಾಕಬಾರದವೂ ಇವೆ. ಗೂಗಲ್ ಪ್ಲೇ ಸರ್ವಿಸಸ್ ಬ್ಯಾಟರಿ ಪಟ್ಟಿಯಲ್ಲಿ ಮೇಲೆ ಕಂಡರೂ ಅದನ್ನು ಕಟ್ಟಿಹಾಕಬೇಡಿ. ಹೆಚ್ಚಿನ ಆ್ಯಪ್‌ಗಳ ನೋಟಿಫಿಕೇಶನ್ ಅದರ ಮೂಲಕವೇ ಬರುವುದರಿಂದ ವಾಟ್ಸ್‌ಆ್ಯಪ್ ಮೆಸೇಜು ತಡವಾಗಿ ಕಾಣುವ ಸಮಸ್ಯೆ ಶುರುವಾಗುತ್ತದೆ. ಅದು ತುಂಬಾ ತಿನ್ನುತ್ತಿದ್ದರೆ ಹೆಚ್ಚಾಗಿ ಅದರ ಬೆನ್ನ ಹಿಂದೆ ಯಾವುದೋ ಆ್ಯಪ್ ಪದೇಪದೇ ಲೊಕೇಶನ್ ಕೇಳುತ್ತಿರುತ್ತದೆ. ಲೊಕೇಶನ್ ಅನುಮತಿಯ ಪಟ್ಟಿ ತೆರೆದು, ಮುಂದೆ ಹೇಳುವ ಆ್ಯಪ್‌ಗಳನ್ನು ಬಿಟ್ಟು, 'ಅಲೋ ಆಲ್ ದ ಟೈಮ್' ಎಂದಿರುವವನ್ನು 'ಬಳಸುವಾಗ ಮಾತ್ರ' ಎಂಬುದಕ್ಕೆ ಬದಲಿಸಿ. ಅಲಾರಂ, ಫೋನ್, ಮೆಸೇಜಸ್, ಡೆಲಿವರಿ ಅಥವಾ ಕ್ಯಾಬ್ ಕೆಲಸ ಮಾಡುವವರ ಕೆಲಸದ ಆ್ಯಪ್, ಸಕ್ಕರೆ ಕಾಯಿಲೆಯವರ ಸೆನ್ಸರ್‌ಗೆ ಹೊಂದಿಸಿದ ಆ್ಯಪ್, ಇವನ್ನು ಹಾಗೇ ಬಿಡಿ.

ರೈತರು, ಕುರಿಗಾಹಿಗಳು ವಿಶೇಷವಾಗಿ ಗಮನಿಸಬೇಕಾದ್ದು ದಾಮಿನಿ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ರೂಪಿಸಿದ ಈ ಸಿಡಿಲು ಮುನ್ನೆಚ್ಚರಿಕೆಯ ಆ್ಯಪ್ 20 ಮತ್ತು 40 ಕಿಲೋಮೀಟರ್ ವ್ಯಾಪ್ತಿಯೊಳಗಿನ ಮಿಂಚಿನ ಬಗ್ಗೆ ಎಚ್ಚರಿಸುತ್ತದೆ. ಇದು ಹಿನ್ನೆಲೆಯಲ್ಲಿದ್ದರೇ ಕೆಲಸ. ತೊಂದರೆ ಏನೆಂದರೆ ಮಳೆಗಾಲ ಮುಗಿದ ಮೇಲೆ ಇದನ್ನು ಯಾರೂ ತೆರೆಯುವುದಿಲ್ಲ. ಕೆಲವು ತಿಂಗಳು ತೆರೆಯದ ಆ್ಯಪ್‌ನ ಲೊಕೇಶನ್ ಅನುಮತಿಯನ್ನು ಆಂಡ್ರಾಯ್ಡ್ ತಾನಾಗಿ ಕಿತ್ತುಕೊಂಡು ಅದನ್ನು ಮಲಗಿಸುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಬಂದಾಗ ಆ್ಯಪ್ ಫೋನಿನಲ್ಲಿ ಇರುತ್ತದೆ, ಎಚ್ಚರಿಕೆ ಬರುವುದಿಲ್ಲ. ದಾಮಿನಿಯ ಆ್ಯಪ್ ಇನ್ಫೊದಲ್ಲಿ ಕೆಳಗಿರುವ 'ಪಾಜ್ ಆ್ಯಪ್ ಆ್ಯಕ್ಟಿವಿಟಿ ಇಫ್ ಅನ್‌ಯೂಸ್ಡ್' ಅಥವಾ 'ಮ್ಯಾನೇಜ್ ಆ್ಯಪ್ ಇಫ್ ಅನ್‌ಯೂಸ್ಡ್' ಗುಂಡಿಯನ್ನು ಆಫ್ ಮಾಡಿ, ಬ್ಯಾಟರಿಯನ್ನು ಅನ್‌ರಿಸ್ಟ್ರಿಕ್ಟೆಡ್‌ಗೆ ಇಡಿ, ಲೊಕೇಶನ್ ಅನುಮತಿ ಇದೆಯೇ ನೋಡಿ. ಮಾರ್ಚ್ ಕೊನೆಯಲ್ಲಿ ಒಮ್ಮೆ ತೆರೆದು ಪರೀಕ್ಷಿಸಿ. ಇದಕ್ಕಾಗಿ ಹೋಗುವ ಬ್ಯಾಟರಿ ಹೋಗಲಿ.

ಬ್ಯಾಟರಿ ಉಳಿಸಲೆಂದು ಗಂಟೆಗೊಮ್ಮೆ ಇತ್ತೀಚಿನ ಆ್ಯಪ್‌ಗಳನ್ನು ಬೆರಳಿನಿಂದ ಮೇಲಕ್ಕೆ ಹಾರಿಸುವ ಅಭ್ಯಾಸ ಬಿಡಬೇಕು. ಮೆಮೊರಿಯಲ್ಲಿ ಸುಮ್ಮನೆ ಕೂತ ಆ್ಯಪ್ ಬ್ಯಾಟರಿ ತಿನ್ನುವುದಿಲ್ಲ. ಅದನ್ನು ಕಿತ್ತು ಹಾಕಿ ಮತ್ತೆ ತೆರೆದಾಗ ಮೊದಲಿನಿಂದ ಕಟ್ಟಬೇಕಾಗಿ ಹೆಚ್ಚು ಖರ್ಚಾಗುತ್ತದೆ. ಆ್ಯಪಲ್‌ನ ಸಾಫ್ಟ್‌ವೇರ್ ಮುಖ್ಯಸ್ಥ ಕ್ರೇಗ್ ಫೆಡರಿಗಿ, ಆಗ ಗೂಗಲ್‌ನ ಆಂಡ್ರಾಯ್ಡ್ ವಿಭಾಗದ ಮುಖ್ಯಸ್ಥರಾಗಿದ್ದ ಹಿರೋಶಿ ಲಾಕ್‌ಹೈಮರ್ ಇಬ್ಬರೂ 2016ರಲ್ಲೇ ಇದರಿಂದ ಬ್ಯಾಟರಿ ಉಳಿಯುವುದಿಲ್ಲ ಎಂದು ಹೇಳಿದ್ದರು. ಬ್ಯಾಟರಿ ಸೇವರ್, ಬೂಸ್ಟರ್, ಕ್ಲೀನರ್ ಎಂಬ ಹೆಸರಿನ ಆ್ಯಪ್‌ಗಳು ಇದೇ ಕೆಲಸವನ್ನು ದಿನವಿಡೀ ಮಾಡುತ್ತಾ, ನಡುವೆ ಜಾಹೀರಾತು ತೋರಿಸುತ್ತಾ ತಾವೇ ಹಿನ್ನೆಲೆಯಲ್ಲಿ ಓಡುತ್ತವೆ. ಮೊದಲು ತೆಗೆಯಬೇಕಾದವು ಅವು. 'ಫೋರ್ಸ್ ಸ್ಟಾಪ್' ಬೇರೆಯೇ. ಅದನ್ನು ಒತ್ತಿದರೆ ಮತ್ತೆ ನೀವು ತೆರೆಯುವವರೆಗೂ ಆ ಆ್ಯಪ್‌ನಿಂದ ಒಂದು ಮೆಸೇಜೂ ಬರದು. ಹಾಗೆಯೇ ಬಿಲ್ಡ್ ನಂಬರ್ ಏಳು ಸಲ ಒತ್ತಿ ಡೆವಲಪರ್ ಆಪ್ಶನ್ಸ್ ತೆರೆದು 'ಬ್ಯಾಕ್‌ಗ್ರೌಂಡ್ ಪ್ರೊಸೆಸ್ ಲಿಮಿಟ್' ಸೊನ್ನೆ ಮಾಡಿ ಎಂಬ ಸಲಹೆಯನ್ನೂ ನಂಬಬೇಡಿ. ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ಹೋಗಿ ಬರುವಷ್ಟರಲ್ಲಿ ಮೊದಲಿನದು ಸತ್ತಿರುತ್ತದೆ, ಮತ್ತೆ ಕಟ್ಟುವ ಖರ್ಚು ಬೇರೆ.

ವಾಟ್ಸ್‌ಆ್ಯಪ್‌ನಲ್ಲಿ ಎರಡು ಕಡೆ ನೋಡಬೇಕು. ಸ್ಟೋರೇಜ್ ಆ್ಯಂಡ್ ಡೇಟಾದಲ್ಲಿ ಮೊಬೈಲ್ ಡೇಟಾ ಇದ್ದಾಗ ವಿಡಿಯೊ, ಡಾಕ್ಯುಮೆಂಟ್ ತಾನಾಗಿ ಇಳಿಯುವುದನ್ನು ತೆಗೆಯಿರಿ. ಚಾಟ್ಸ್‌ನಲ್ಲಿ ಚಾಟ್ ಬ್ಯಾಕಪ್ ದಿನನಿತ್ಯದ ಬದಲು ವಾರಕ್ಕೊಮ್ಮೆ ಇರಲಿ, ವಿಡಿಯೊ ಸೇರುವುದು ಬೇಡ. ಗೂಗಲ್ ಫೋಟೋಸ್ ಬ್ಯಾಕಪ್‌ಗೂ ಮೊಬೈಲ್ ಡೇಟಾ ಬಿಡಬೇಡಿ. ಮದುವೆಯ ಮಾರನೇ ದಿನ ಫೋನು ಕಾದ ಹಂಚಿನಂತಾಗುವುದು ಬಹುಪಾಲು ಇದರಿಂದಲೇ.

ಐಫೋನಿನವರ ಕೆಲಸ ಚಿಕ್ಕದು. ಸೆಟ್ಟಿಂಗ್ಸ್‌ನ (ಹೊಸ ಐಒಎಸ್ ಆದರೆ ಅದರೊಳಗಿನ 'ಆ್ಯಪ್ಸ್'ನ) ಆ್ಯಪ್ ಸ್ಟೋರ್ ವಿಭಾಗದಲ್ಲಿ ಮೊಬೈಲ್ ಡೇಟಾದ ಕೆಳಗಿನ ಆಟೊಮ್ಯಾಟಿಕ್ ಡೌನ್‌ಲೋಡ್ಸ್ ಆಫ್ ಮಾಡಿ, ಆ್ಯಪ್ ಅಪ್‌ಡೇಟ್ಸ್ ಹಾಗೇ ಇರಲಿ. ಜನರಲ್ ಒಳಗೆ 'ಬ್ಯಾಕ್‌ಗ್ರೌಂಡ್ ಆ್ಯಪ್ ರಿಫ್ರೆಶ್' ತೆರೆದು ವೈಫೈಗೆ ಇಟ್ಟು, ಬೇಡದ ಆ್ಯಪ್‌ಗಳನ್ನು ಒಂದೊಂದಾಗಿ ಆಫ್ ಮಾಡಿ. ಲೋ ಪವರ್ ಮೋಡ್ ಹಾಕಿದರೆ ಇವೆರಡೂ ತಾವಾಗಿ ನಿಲ್ಲುತ್ತವೆ.

ಫೋನಿನ ಸಾಫ್ಟ್‌ವೇರೇ ಹೊಸದಾದ ಮೇಲೆ ಒಂದೆರಡು ದಿನ ಬ್ಯಾಟರಿ ಬೇಗ ಇಳಿದರೆ ಗಾಬರಿ ಬೇಡ. ಎಲ್ಲ ಆ್ಯಪ್‌ಗಳನ್ನೂ ಹೊಸ ವ್ಯವಸ್ಥೆಗೆ ಹೊಂದಿಸುವ ಕೆಲಸ ನಡೆಯುತ್ತಿರುತ್ತದೆ. ಈ ಹೊಂದಿಕೆ ಹೆಚ್ಚಾಗಿ ಫೋನು ಚಾರ್ಜಿನಲ್ಲಿ ಸುಮ್ಮನಿದ್ದಾಗ ನಡೆಯುವುದರಿಂದ, ಹಗಲಿನಲ್ಲಿ ಹತ್ತತ್ತು ನಿಮಿಷ ಚುಚ್ಚಿ ತೆಗೆಯುವ ಫೋನಿಗೆ ಅದಕ್ಕೆ ಅವಕಾಶವೇ ಸಿಗುವುದಿಲ್ಲ. ಎರಡು ರಾತ್ರಿ ಚಾರ್ಜಿಗೆ ಹಾಕಿ ಬಿಡಿ, ದಿಂಬಿನ ಕೆಳಗಲ್ಲ, ಗಾಳಿಯಾಡುವ ಕಡೆ. ಇನ್ನು ಶೇ 20 ತೋರಿಸುತ್ತಲೇ ದಿಢೀರನೆ ಆಫ್ ಆಗುವ ಫೋನಿನಲ್ಲಿ ಆ್ಯಪ್‌ಗಳ ತಪ್ಪಿಲ್ಲ. ಸವೆದ ಬ್ಯಾಟರಿಯ ಒಳತಡೆ ಹೆಚ್ಚಿ, ಹೊರೆ ಬಿದ್ದ ಕೂಡಲೇ ವೋಲ್ಟೇಜ್ ಕುಸಿಯುವುದರಿಂದ ಹೀಗಾಗುತ್ತದೆ. ಹಿಂಬದಿ ಉಬ್ಬಿದ್ದರೆ ಚಾರ್ಜ್ ಮಾಡುವುದನ್ನು ಅಂದೇ ನಿಲ್ಲಿಸಿ, ಚುಚ್ಚಿ ನೋಡಬೇಡಿ, ಬದಲಾಯಿಸಿ. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮಾರುವ ಫೋನುಗಳ ಬ್ಯಾಟರಿ 800 ಸಲ ಚಾರ್ಜ್ ಆದ ಮೇಲೂ ಶೇ 80ರಷ್ಟು ಸಾಮರ್ಥ್ಯ ಉಳಿಸಿಕೊಂಡಿರಬೇಕು ಎಂಬ ನಿಯಮವಿದೆ. ಇಲ್ಲಿ ಕೊಳ್ಳುವವರೂ ಬಾಕ್ಸಿನ ಮೇಲೆ ಅಂಥ ಅಂಕಿ ಇದೆಯೇ ಎಂದು ಕೇಳಬೇಕು.

ಕೊನೆಗೆ ಎರಡು ಬೇಡಿಕೆ. ಫೋನು ತಯಾರಿಸುವ ಕಂಪನಿಗಳು ಒಂದೇ ಸೆಟ್ಟಿಂಗಿಗೆ ನಾಲ್ಕು ಹೆಸರಿಟ್ಟು, ಪ್ರತಿ ಆವೃತ್ತಿಯಲ್ಲೂ ಅದರ ಜಾಗ ಬದಲಿಸುವುದನ್ನು ಬಿಡಬೇಕು. ಕನ್ನಡ ಭಾಷೆ ಆರಿಸಿಕೊಂಡರೂ ಅರ್ಧ ಪುಟ ಇಂಗ್ಲಿಷಿನಲ್ಲೇ ಉಳಿಯುವುದು, ಉಳಿದರ್ಧ ಕನ್ನಡಿಗರಿಗೇ ಅರ್ಥವಾಗದ ಅನುವಾದದಲ್ಲಿರುವುದು ಇನ್ನೂ ದೊಡ್ಡ ತೊಂದರೆ. ಹಾಗಾಗಿಯೇ ಈ ಪತ್ರದಲ್ಲೂ ಸೆಟ್ಟಿಂಗ್‌ಗಳ ಇಂಗ್ಲಿಷ್ ಹೆಸರನ್ನೇ ಕನ್ನಡ ಅಕ್ಷರದಲ್ಲಿ ಕೊಡಬೇಕಾಯಿತು. ಎರಡನೆಯದು ಅಂಗಡಿಯವರಲ್ಲಿ: ಹೊಸ ಫೋನು ಕೊಡುವಾಗ ಗಾಜು ಅಂಟಿಸುವ ಐದು ನಿಮಿಷದಲ್ಲೇ ಎರಡೂ ಸ್ಟೋರುಗಳ ಆಟೊ ಅಪ್‌ಡೇಟನ್ನು ವೈಫೈಗೆ ಇಟ್ಟು, ವಾಟ್ಸ್‌ಆ್ಯಪ್ ಡೌನ್‌ಲೋಡ್ ಸರಿಮಾಡಿ, ಗ್ರಾಹಕರ ಕೈಯಿಂದಲೇ ಒಮ್ಮೆ ಬ್ಯಾಟರಿ ಯೂಸೇಜ್ ತೆರೆಸಿ ತೋರಿಸಿ ಕಳಿಸಿ.

ಇಂತಿ,
ಮೊಬೈಲ್ ದುರಸ್ತಿ ಕೆಲಸಗಾರರು
ಶಿವಮೊಗ್ಗ ಜಿಲ್ಲೆ